ಪಂಚಾಂಗ ಸರ್ಕಾರದ್ದು, ಎಡೆ ಮನೆಯದು
(ಕೊರಿಯಾದ ಹಬ್ಬಗಳನ್ನು ಕುರಿತ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಕೊರಿಯಾದಲ್ಲಿ 1895ನೆಯ ವರ್ಷ ಪೂರ್ತಿ ಮುಗಿಯಲೇ ಇಲ್ಲ. ಚಾಂದ್ರಮಾನದ ಹನ್ನೊಂದನೆಯ ತಿಂಗಳ ಹದಿನಾರನೆಯ ದಿನ ಜನ ಮಲಗಿದರು. ಬೆಳಗಾದಾಗ ಅದು ಹದಿನೇಳನೆಯ ದಿನವಲ್ಲ, 1896ರ ಜನವರಿ 1 ಎಂದು ಅರಮನೆ ಸಾರಿತ್ತು. ಉಳಿದಿದ್ದ 43 ದಿನಗಳನ್ನು ದೊರೆ ಗೊಜೊಂಗನ ಸರ್ಕಾರ ಒಂದೇ ಏಟಿಗೆ ಹಾರಿಸಿಬಿಟ್ಟಿತ್ತು. ಅದಕ್ಕೆ ಎರಡು ದಿನ ಮೊದಲಷ್ಟೇ ಗಂಡಸರೆಲ್ಲ ತಲೆಯ ಜುಟ್ಟು ಕತ್ತರಿಸಿಕೊಳ್ಳಬೇಕೆಂಬ ಆಜ್ಞೆಯೂ ಹೊರಟಿತ್ತು. ಹಿಂದಿನ ಅಕ್ಟೋಬರಿನಲ್ಲಿ ಜಪಾನೀಯರು ಅರಮನೆಗೇ ನುಗ್ಗಿ ರಾಣಿಯನ್ನು ಕೊಂದಿದ್ದರು. ಸೋಲ್ ನಗರದಲ್ಲಿ ಕೂತಿದ್ದದ್ದು ಜಪಾನಿನ ಮರ್ಜಿಯ ಮಂತ್ರಿಮಂಡಲ. ಜುಟ್ಟಿನ ವಿಷಯಕ್ಕೆ ಜನ ದಂಗೆ ಎದ್ದರು. ಪಂಚಾಂಗದ ವಿಷಯಕ್ಕೆ ದಂಗೆ ಏಳುವ ಅಗತ್ಯವೇ ಬೀಳಲಿಲ್ಲ. ಸರ್ಕಾರದ ಕಾಗದಪತ್ರಗಳಿಗೆ ಜನವರಿ ಬಂತು. ಮನೆಗಳು ಫೆಬ್ರವರಿ 13ರವರೆಗೆ ಕಾದು ತಮ್ಮ ಹೊಸವರ್ಷ ಮಾಡಿದವು.

ಆ 43 ದಿನಗಳ ಜಗಳ ತೀರುವುದಕ್ಕೆ 93 ವರ್ಷ ಬೇಕಾಯಿತು. ಅರಸೊತ್ತಿಗೆ, ಜಪಾನಿನ ವಸಾಹತು, ಸ್ವತಂತ್ರ ಗಣರಾಜ್ಯ ಒಂದಾದ ಮೇಲೊಂದು ಹಬ್ಬವನ್ನು ಕೀಳಲು ನೋಡಿ ಸೋತವು. ಸರ್ಕಾರದ ಕೈ ಪಂಚಾಂಗದವರೆಗೆ ಹೋಯಿತು. ಹಿರಿಯರಿಗೆ ಇಡುವ ಎಡೆಯವರೆಗೆ ಹೋಗಲಿಲ್ಲ. ಆದರೆ ಆ ಎಡೆಯನ್ನು ಬೇಯಿಸಿದವರು ಯಾರು, ಪೂಜೆಯಲ್ಲಿ ಅವರಿಗಿದ್ದ ಪಾಲೆಷ್ಟು ಎಂಬ ಲೆಕ್ಕಾಚಾರ ಈಗ ಆ ನಾಡಿನಲ್ಲಿ ಶುರುವಾಗಿದೆ. ನಾನು ಇಂದು ಹೇಳಬೇಕೆಂದಿರುವುದು ಇದನ್ನೇ. ಕೊರಿಯಾದ ಹಬ್ಬಗಳ ಪಟ್ಟಿ ಒಪ್ಪಿಸಲು ನಾನು ಬಂದಿಲ್ಲ. ಕೊರಿಯನ್ ಧಾರಾವಾಹಿ ನೋಡುವ ನಿಮ್ಮ ಮನೆಯ ಮಕ್ಕಳು ಅದನ್ನು ನನಗಿಂತ ಚೆನ್ನಾಗಿ ಒಪ್ಪಿಸಬಲ್ಲರು.

ಮೊದಲು ಪಂಚಾಂಗದ ಮಾತು. ಕೊರಿಯಾದ ಹಳೆಯ ಪಂಚಾಂಗ ನಮಗೆ ಅಷ್ಟೇನೂ ಅಪರಿಚಿತವಲ್ಲ. ತಿಂಗಳು ಚಂದ್ರನದು, ವರ್ಷ ಸೂರ್ಯನದು. ಎರಡರ ಹೊಂದಿಕೆ ತಪ್ಪದಂತೆ ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ. ಅವರು ಅದನ್ನು ಯುಂದಾಲ್ ಎನ್ನುತ್ತಾರೆ. ನಾವು ಅಧಿಕಮಾಸದಲ್ಲಿ ಮದುವೆ ಮುಂಜಿ ಇಟ್ಟುಕೊಳ್ಳುವುದಿಲ್ಲ. ಅವರ ಲೆಕ್ಕದಲ್ಲಿ ಅದು ದೈವಗಳ ಕಣ್ಣು ತಪ್ಪಿದ ತಿಂಗಳು. ಹಾಗಾಗಿ ಸಮಾಧಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು, ವಯಸ್ಸಾದವರಿಗೆ ಶವವಸ್ತ್ರ ಹೊಲಿಸಿ ಇಡಲು ಅದೇ ಪ್ರಶಸ್ತ. ವರ್ಷದ ಮೊದಲ ತಿಂಗಳ ಮೊದಲ ದಿನ ಸೊಲ್ಲಾಲ್, ಅಂದರೆ ಹೊಸವರ್ಷ. ಸಾಮಾನ್ಯವಾಗಿ ಜನವರಿಯ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಐದನೆಯ ತಿಂಗಳ ಐದನೆಯ ದಿನ ದಾನೊ. ಎಂಟನೆಯ ತಿಂಗಳ ಹುಣ್ಣಿಮೆ ಚುಸೊಕ್. 2024ರಲ್ಲಿ ಆ ಹುಣ್ಣಿಮೆ ನಮ್ಮ ಭಾದ್ರಪದದ ಹುಣ್ಣಿಮೆಯೇ ಆಗಿತ್ತು. ಅವರು ಹಿರಿಯರ ಸಮಾಧಿಗೆ ಅಡ್ಡಬಿದ್ದು ಬಂದರೆ, ಅದರ ಬೆನ್ನಿಗೇ ನಮ್ಮಲ್ಲಿ ಪಿತೃಪಕ್ಷ ಹಿಡಿಯಿತು. 2025ರಲ್ಲಿ ಅವರಿಗೆ ಆರನೆಯ ತಿಂಗಳು ಎರಡು ಸಲ ಬಂತು, ಚುಸೊಕ್ ಅಕ್ಟೋಬರ್ 6ಕ್ಕೆ ಸರಿಯಿತು. ನಮ್ಮ ರೈತರು ಭೂಮಿತಾಯಿಗೆ ಚರಗ ಚೆಲ್ಲುವ ಸೀಗೆ ಹುಣ್ಣಿಮೆಯ ಚಂದ್ರನೇ ಅವರ ಹಬ್ಬದ ಚಂದ್ರನೂ ಆದ.

ಇಂಥ ಪಂಚಾಂಗವನ್ನು ಕಿತ್ತುಹಾಕುವುದೆಂದರೆ ಸತ್ತವರ ಊಟದ ಹೊತ್ತು ತಪ್ಪಿಸಿದಂತೆ. 1910ರಲ್ಲಿ ದೇಶವನ್ನೇ ನುಂಗಿದ ಜಪಾನ್ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ತಾನು ಮೇಜಿ ಕಾಲದಲ್ಲೇ ಹಳೆಯ ಪಂಚಾಂಗ ಬಿಟ್ಟಿರುವಾಗ ಆಳಿಸಿಕೊಳ್ಳುವವರು ಹಿಡಿದುಕೊಂಡಿರುವುದು ಸರಿಯೆ? ಚಾಂದ್ರಮಾನ ಹೊಸವರ್ಷಕ್ಕೆ ‘ಹಳೆಯದು’ ಎಂಬ ಹಣೆಪಟ್ಟಿ ಹಚ್ಚಲಾಯಿತು. ಹಬ್ಬದ ಮುಂಚಿನ ದಿನಗಳಲ್ಲಿ ಅಕ್ಕಿಕಡುಬಿನ ಹಿಟ್ಟಿನ ಗಿರಣಿಗಳನ್ನು ಮುಚ್ಚಿಸಿದರು. ಹಬ್ಬಕ್ಕೆಂದು ಬಿಳಿಯ ಹೊಸಬಟ್ಟೆ ಉಟ್ಟು ಬೀದಿಗೆ ಬಂದವರ ಮೇಲೆ ಮಸಿನೀರು ಎರಚಿದರು. ಬಿಳಿ ಬಟ್ಟೆಗೆ ಮಸಿ ಎರಚುವ ಆಡಳಿತ ಎಷ್ಟು ಸೋತುಹೋಗಿರಬೇಕು ಎಂದು ನನಗೆ ಅನ್ನಿಸುತ್ತದೆ. ಗಿರಣಿ ಮುಚ್ಚಿದರೆ ಒನಕೆ ಇರಲಿಲ್ಲವೆ?

ವಿಚಿತ್ರವೆಂದರೆ 1945ರಲ್ಲಿ ಬಿಡುಗಡೆಯಾದ ಮೇಲೂ ಈ ಜಗಳ ನಿಲ್ಲಲಿಲ್ಲ. 1949ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ಹೊಸ ಗಣರಾಜ್ಯ ತನ್ನ ಮೊದಲ ರಜಾಪಟ್ಟಿ ಹೊರಡಿಸಿತು. ಜನವರಿ 1ರಿಂದ 3ರವರೆಗೆ ಮೂರು ದಿನ ಹೊಸವರ್ಷ. ಚುಸೊಕ್‌ಗೆ ಒಂದು ದಿನ. ಕ್ರಿಸ್‌ಮಸ್‌ಗೆ ಒಂದು ದಿನ; ಅಧ್ಯಕ್ಷ ಸಿಂಗ್‌ಮನ್ ರೀ ಮೆಥೊಡಿಸ್ಟ್ ಕ್ರೈಸ್ತರು, ಆದರೆ ದೇಶದಲ್ಲಿ ಕ್ರೈಸ್ತರು ಆಗ ಸಣ್ಣ ಅಲ್ಪಸಂಖ್ಯಾತರು. ಸೊಲ್ಲಾಲ್‌ಗೆ ರಜೆ ಇಲ್ಲ. ಬುದ್ಧನ ಹುಟ್ಟುಹಬ್ಬಕ್ಕೂ ಇಲ್ಲ; ಒಬ್ಬ ವಕೀಲರು ಕೋರ್ಟು ಹತ್ತಿ ಹಟ ಹಿಡಿದ ಮೇಲೆ, 1975ರಲ್ಲಿ, ಬುದ್ಧನಿಗೆ ರಜೆ ಸಿಕ್ಕಿತು. ಎರಡೆರಡು ಹೊಸವರ್ಷ ಮಾಡುವುದು ದುಂದು, ಬಡದೇಶಕ್ಕೆ ತರವಲ್ಲ ಎಂದು ರೀ ಸರ್ಕಾರವೂ ಆಮೇಲಿನ ಪಾರ್ಕ್ ಚುಂಗ್-ಹೀ ಸರ್ಕಾರವೂ ವರ್ಷವರ್ಷ ಉಪದೇಶ ಮಾಡಿದವು. ಸೊಲ್ಲಾಲ್ ದಿನ ಶಾಲೆ ತೆರೆದಿರುತ್ತಿತ್ತು, ಕಚೇರಿ ತೆರೆದಿರುತ್ತಿತ್ತು.

ಜನ ಏನು ಮಾಡಿದರು? 1960ರ ಸೊಲ್ಲಾಲ್ ಜನವರಿ 28ಕ್ಕೆ ಬಿದ್ದಿತ್ತು. ಅದಕ್ಕೆ ಎರಡು ದಿನ ಮೊದಲು, ರಾತ್ರಿ, ಸೋಲ್ ರೈಲು ನಿಲ್ದಾಣದಲ್ಲಿ ನೈಋತ್ಯ ತುದಿಯ ಮೊಕ್ಪೊ ಬಂದರಿಗೆ ಹೋಗುವ ಗಾಡಿಗೆ ನುಗ್ಗಿದ ಜನ ಮೆಟ್ಟಿಲುಗಳ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. 31 ಮಂದಿ ಸತ್ತರು. ಸರ್ಕಾರದ ಲೆಕ್ಕದಲ್ಲಿ ಆ ದಿನಕ್ಕೆ ಯಾವ ಹೆಸರೂ ಇರಲಿಲ್ಲ. ಇಲ್ಲದ ಹಬ್ಬಕ್ಕೆ ಊರಿಗೆ ಹೊರಟವರು ಅವರು. ರಜೆ ಇಲ್ಲದಿದ್ದರೇನು, ಕೂಲಿ ಕಟ್ಟಾದರೇನು, ಹೊಸವರ್ಷದ ಬೆಳಿಗ್ಗೆ ಹಿರಿಯರ ಎಡೆಯ ಮುಂದೆ ನಿಲ್ಲದೆ ಇರುವುದು ಅವರಿಗೆ ಸಾಧ್ಯವಿರಲಿಲ್ಲ.

ಕೊನೆಗೆ 1985ರಲ್ಲಿ ಚುನ್ ದೂ-ಹ್ವಾನ್‌ರ ಸೇನಾಡಳಿತ ಒಂದು ದಿನದ ರಜೆ ಕೊಟ್ಟಿತು, ಹೆಸರು ಮಾತ್ರ ಕೊಡಲಿಲ್ಲ. ಗೆಜೆಟ್ಟಿನಲ್ಲಿ ಅದು ‘ಜಾನಪದ ದಿನ’. ಅಧಿಕಾರಿಗಳ ಈ ಜಾಣತನಕ್ಕೆ ನಾನು ತಲೆದೂಗುತ್ತೇನೆ: ಸೋತದ್ದನ್ನು ಸೋಲೆನ್ನದೆ ಒಪ್ಪಿಕೊಳ್ಳುವ ಬಗೆ ಅದು. ನಾಲ್ಕು ವರ್ಷ ಕಳೆದು 1989ರಲ್ಲಿ ಸೊಲ್ಲಾಲ್ ಎಂಬ ಹೆಸರೂ ಮರಳಿತು, ಮೂರು ದಿನದ ರಜೆಯೂ ಬಂತು. ಚುಸೊಕ್‌ಗೂ ಮೂರು ದಿನವಾಯಿತು. ಜನವರಿಯ ಹೊಸವರ್ಷ ಕುಗ್ಗುತ್ತ ಕುಗ್ಗುತ್ತ 1999ರ ಹೊತ್ತಿಗೆ ಒಂದೇ ದಿನಕ್ಕೆ ಬಂದು ನಿಂತಿತು. ಗಡಿಯಾಚೆ, ಉತ್ತರ ಕೊರಿಯಾದಲ್ಲೂ ನಡೆದದ್ದು ಇದೇ. 1967ರಲ್ಲಿ ಊಳಿಗಮಾನ್ಯದ ಕಸವೆಂದು ಹಳೆಯ ಹಬ್ಬಗಳನ್ನೆಲ್ಲ ಗುಡಿಸಿಹಾಕಿದ ಅಲ್ಲಿನ ಆಳುವ ಪಕ್ಷ, 1972ರಲ್ಲಿ ಚುಸೊಕ್‌ಗೆ ಸಮಾಧಿಗೆ ಹೋಗಿಬರಲು ಬಿಟ್ಟಿತು, 1988ರಲ್ಲಿ ಅದನ್ನು ರಜೆ ಮಾಡಿತು, 1989ರಲ್ಲಿ ಸೊಲ್ಲಾಲನ್ನೂ ಸೇರಿಸಿತು. ಯಾವ ವಿಷಯದಲ್ಲೂ ಒಮ್ಮತವಿಲ್ಲದ ಎರಡು ಸರ್ಕಾರಗಳು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಒಂದೇ ಹಬ್ಬಕ್ಕೆ ಮಣಿದವು.

ಮೂರು ಸರ್ಕಾರಗಳನ್ನು ಮಣಿಸಿದ ಆ ಬೆಳಿಗ್ಗೆ ಹೇಗಿರುತ್ತದೆ ನೋಡೋಣ.

ಹಿಂದಿನ ರಾತ್ರಿಯೇ ಶುರುಮಾಡಬೇಕು. ವರ್ಷದ ಕೊನೆಯ ರಾತ್ರಿ ನಿದ್ದೆ ಮಾಡಿದರೆ ಹುಬ್ಬು ಬೆಳ್ಳಗಾಗುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತಾರೆ. ತೂಕಡಿಸಿದ ಮಗುವಿನ ಹುಬ್ಬಿಗೆ ಅಣ್ಣಂದಿರು ಹಿಟ್ಟು ಬಳಿಯುತ್ತಾರೆ. ಆ ರಾತ್ರಿ ಯಾಗ್ವಾಂಗ್ವಿ ಎಂಬ ಪಿಶಾಚಿ ಮನೆಮನೆಗೆ ಬಂದು ಬಾಗಿಲ ಹೊರಗಿಟ್ಟ ಚಪ್ಪಲಿಗಳನ್ನು ಮೆಟ್ಟಿ ನೋಡುತ್ತದಂತೆ. ತನ್ನ ಕಾಲಿಗೆ ಸರಿಹೋದದ್ದನ್ನು ಹಾಕಿಕೊಂಡು ಹೋಗುತ್ತದೆ. ಚಪ್ಪಲಿ ಕಳೆದುಕೊಂಡವರಿಗೆ ವರ್ಷವಿಡೀ ಅಪಶಕುನ. ಅದಕ್ಕೆ ಚಪ್ಪಲಿ ಒಳಗಿಟ್ಟು ಗೋಡೆಗೆ ಜರಡಿ ತೂಗುಹಾಕುತ್ತಾರೆ. ಪಿಶಾಚಿಗೆ ಜರಡಿಯ ತೂತು ಎಣಿಸುವ ಚಟ. ಎಣಿಸುತ್ತ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ ಎಣಿಸುತ್ತದೆ, ಅಷ್ಟರಲ್ಲಿ ಕೋಳಿ ಕೂಗುತ್ತದೆ. 19ನೆಯ ಶತಮಾನದ ನಡುವಿನಲ್ಲಿ ಹೊಂಗ್ ಸೊಕ್-ಮೊ ಬರೆದ, ತಿಂಗಳುವಾರು ಆಚರಣೆಗಳ ‘ದೊಂಗ್‌ಗುಕ್ ಸೆಸಿಗಿ’ ಎಂಬ ಗ್ರಂಥ ಇಂಥ ಸಂಗತಿಗಳ ಕಣಜ.

ಬೆಳಿಗ್ಗೆ ಚಾರ್ಯೆ. ಹಬ್ಬದ ದಿನ ಹಿರಿಯರಿಗೆ ಎಡೆ ಇಡುವ ವಿಧಿ ಇದು. ಮಡಿಸುವ ತೆರೆಯ ಮುಂದೆ ತಗ್ಗಾದ ಮೇಜು. ತೀರಿಕೊಂಡವರ ಹೆಸರು ಬರೆದ ಕಾಗದದ ಪಟ್ಟಿ. ಪೂಜೆ ಮುಗಿದ ಮೇಲೆ ಅದನ್ನು ಸುಡುತ್ತಾರೆ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ. ಮೀನು ಪೂರ್ವ, ಮಾಂಸ ಪಶ್ಚಿಮ. ಪೀಚ್ ಹಣ್ಣು ಇಡುವಂತಿಲ್ಲ, ಅದು ಆತ್ಮಗಳನ್ನು ಓಡಿಸುತ್ತದೆ. ಹಿರಿಯರು ಬಾಗಿಲಲ್ಲೇ ನಿಂತುಬಿಟ್ಟಾರು. ಮೆಣಸಿನಕಾಯಿ, ಬೆಳ್ಳುಳ್ಳಿ ನಿಷಿದ್ಧ. ಸೊಲ್ಲಾಲ್‌ನಲ್ಲಿ ಅನ್ನದ ಬದಲು ತೊಕ್‌ಗುಕ್: ಅಕ್ಕಿಹಿಟ್ಟನ್ನು ಬೇಯಿಸಿ ಕುಟ್ಟಿ ಕೋಲಿನಂತೆ ಹೊಸೆದು, ಓರೆಯಾಗಿ ತೆಳ್ಳಗೆ ಕತ್ತರಿಸಿದ ಬಿಲ್ಲೆಗಳನ್ನು ಮಾಂಸದ ತಿಳಿಸಾರಿನಲ್ಲಿ ಬೇಯಿಸಿದ್ದು. ಹಿರಿಯರು ಉಂಡಾದ ಮೇಲೆ ಅದೇ ಮನೆಯವರಿಗೆ ಪ್ರಸಾದ. ಒಂದು ಬಟ್ಟಲು ತೊಕ್‌ಗುಕ್ ತಿಂದರೆ ಒಂದು ವರ್ಷ ವಯಸ್ಸಾಯಿತು ಎಂಬುದು ಲೆಕ್ಕ. ಈ ಲೆಕ್ಕಕ್ಕೆ ಸರ್ಕಾರ 2023ರ ಜೂನ್ 28ರಂದು ಕಾನೂನು ತಂದು, ಇನ್ನು ಮೇಲೆ ಹುಟ್ಟಿದ ದಿನದಿಂದಲೇ ವಯಸ್ಸು ಎಣಿಸಬೇಕೆಂದು ಹೇಳಿ, ದೇಶದ ಜನರನ್ನೆಲ್ಲ ಒಂದೋ ಎರಡೋ ವರ್ಷ ಚಿಕ್ಕವರನ್ನಾಗಿ ಮಾಡಿದೆ. ಅಜ್ಜಿಯರು ತೊಕ್‌ಗುಕ್ ಬಡಿಸುವಾಗ ಈ ಕಾನೂನು ಓದುತ್ತಾರೆಂದು ನನಗೆ ನಂಬಿಕೆಯಿಲ್ಲ.

ಆಮೇಲೆ ಚಿಕ್ಕವರು ಹಿರಿಯರಿಗೆ ನೆಲಕ್ಕೆ ಹಣೆ ತಾಗುವಂತೆ ನಮಸ್ಕರಿಸುತ್ತಾರೆ, ಹಿರಿಯರು ದುಡ್ಡು ಕೊಡುತ್ತಾರೆ. 2009ರಲ್ಲಿ 50,000 ವಾನ್‌ನ ನೋಟು ಬಂದ ಮೇಲೆ ಹಿರಿಯರ ಕಿಸೆಗೆ ಕಷ್ಟವಾಯಿತು. ಮೊದಲಾದರೆ 10,000 ಕೊಟ್ಟು ತಲೆ ಸವರಿದರೆ ಆಗುತ್ತಿತ್ತು. ಮಧ್ಯಾಹ್ನ ಯುತ್ ಆಟ. ಒಂದು ಕಡೆ ಚಪ್ಪಟೆ, ಒಂದು ಕಡೆ ಗುಂಡಾದ ನಾಲ್ಕು ಕಡ್ಡಿಗಳನ್ನು ಮೇಲಕ್ಕೆಸೆದು, ಬಿದ್ದ ಬಗೆಯಂತೆ ಕಾಯಿ ನಡೆಸುವುದು. ನಮ್ಮ ಚೌಕಾಬಾರ ಆಡಿದವರಿಗೆ ಇದರ ನಿಯಮವನ್ನು ವಿವರಿಸುವುದೇ ಬೇಡ, ಕಡಿಯುವುದೂ ಉಂಟು, ಜಗಳವೂ ಉಂಟು. ಬೀಳುವ ಐದು ಬಗೆಗೆ ಹಂದಿ, ನಾಯಿ, ಕುರಿ, ಹಸು, ಕುದುರೆ ಎಂಬ ಐದು ಪ್ರಾಣಿಗಳ ನಂಟು. ಹಂದಿ ಒಂದು ಹೆಜ್ಜೆ, ಕುದುರೆ ಐದು.

ಇವೆಲ್ಲ ಮನೆಯೊಳಗಿನ ಹಬ್ಬ. ಊರು ಸೇರಿ ಮಾಡುವ ಹಬ್ಬಕ್ಕೆ ಪೂರ್ವ ಕರಾವಳಿಯ ಗಾಂಗ್‌ನುಂಗ್ ಪಟ್ಟಣದ ದಾನೊವನ್ನು ನೋಡಬೇಕು. ದಾನೊ ಬಿತ್ತನೆ ಮುಗಿದು ಬೇಸಿಗೆ ಏರುವ ಹೊತ್ತಿನ ಹಬ್ಬ. ಹೆಂಗಸರು ಬಜೆಯ ಎಲೆ ಬೇಯಿಸಿದ ನೀರಿನಲ್ಲಿ ಕೂದಲು ತೊಳೆಯುತ್ತಾರೆ (ನಮ್ಮ ಹಸುಗೂಸುಗಳ ನಾಲಿಗೆಗೆ ತೇಯ್ದು ಹಚ್ಚುವ ಬಜೆಯ ಗಿಡವೇ ಇದು), ಎತ್ತರದ ಉಯ್ಯಾಲೆಯಲ್ಲಿ ನಿಂತು ಜೀಕುತ್ತಾರೆ. ಗಂಡಸರಿಗೆ ಸಿರುಮ್ ಕುಸ್ತಿ. 2018ರಲ್ಲಿ ಉತ್ತರ, ದಕ್ಷಿಣ ಕೊರಿಯಾಗಳೆರಡೂ ಸೇರಿ ಈ ಕುಸ್ತಿಯನ್ನು ಯುನೆಸ್ಕೊ ಪಟ್ಟಿಗೆ ಸೇರಿಸಿದವು. 18ನೆಯ ಶತಮಾನದ ಕಿಮ್ ಹೊಂಗ್-ದೊ ಕುಸ್ತಿಯ ಚಿತ್ರ ಬರೆದಿದ್ದಾನೆ. ಅವನ ಓರಗೆಯ ಶಿನ್ ಯುನ್-ಬೊಕ್ ಬರೆದದ್ದು ದಾನೊ ದಿನ ತೊರೆಯಲ್ಲಿ ಮೀಯುವ ಹೆಂಗಸರನ್ನು, ಬಂಡೆಯ ಹಿಂದಿನಿಂದ ಕದ್ದು ನೋಡುವ ಇಬ್ಬರು ಎಳೆಯ ಸನ್ಯಾಸಿಗಳ ಸಮೇತ.

ಗಾಂಗ್‌ನುಂಗ್‌ನಲ್ಲಿ ಹಬ್ಬ ಒಂದು ತಿಂಗಳು ಮೊದಲೇ, ನಾಲ್ಕನೆಯ ತಿಂಗಳ ಐದರಂದು, ದೇವರಿಗೆ ಮದ್ಯ ಹುದುಗು ಹಾಕುವುದರೊಂದಿಗೆ ಶುರು. ಅದಕ್ಕೆ ಅಕ್ಕಿ ಕೊಡುವವರು ಊರ ಜನ, ಮನೆಮನೆಯವರು. ಹದಿನೈದನೆಯ ದಿನ ದೆಗ್ವಾಲ್ಯೊಂಗ್ ಕಣಿವೆ ಹತ್ತುತ್ತಾರೆ. ಅಲ್ಲಿನ ಬೆಟ್ಟದ ದೇವರು ಕಿಮ್ ಯು-ಸಿನ್, ಸಿಲ್ಲಾ ಎಂಬ ಪ್ರಾಚೀನ ಕೊರಿಯನ್ ರಾಜ್ಯದ ಸೇನಾಪತಿ. ಊರನ್ನು ಕಾಯುವ ದೇವರು ಬೊಮಿಲ್ ಎಂಬ ಬೌದ್ಧ ಗುರು. ಒಬ್ಬ ಯೋಧ, ಒಬ್ಬ ಭಿಕ್ಷು, ಇಬ್ಬರೂ ಸತ್ತು ದೈವವಾದವರು. ಕಾಡಿನಲ್ಲಿ ಒಂದು ಮರದ ಕೊಂಬೆಗೆ ದೈವ ಆವೇಶವಾಗಿ ಅದು ನಡುಗಿದಾಗ ಅದನ್ನೇ ಕಡಿದು, ಬಣ್ಣಬಣ್ಣದ ಬಟ್ಟೆ ಕಟ್ಟಿ, ಇಳಿಸಿ ತರುತ್ತಾರೆ. ಊರಲ್ಲಿ ಬೊಮಿಲ್ ದೇವರಿಗೊಬ್ಬ ಹೆಂಡತಿ ಇದ್ದಾಳೆ: ಜೊಂಗ್ ಮನೆತನದ ಹುಡುಗಿ. ದೇವರು ಕನಸಿನಲ್ಲಿ ಬಂದು ಹೆಣ್ಣು ಕೇಳಿದ. ಮನುಷ್ಯನಲ್ಲದ ಅಳಿಯ ಬೇಡವೆಂದು ತಂದೆ ಒಲ್ಲೆನೆಂದ. ಹುಲಿ ಬಂದು ಹುಡುಗಿಯನ್ನು ಹೊತ್ತೊಯ್ದಿತು. ಗಂಡಹೆಂಡಿರನ್ನು ಒಂದೇ ಗುಡಿಯಲ್ಲಿ ಕೆಲವು ದಿನ ಬಿಟ್ಟು, ಐದನೆಯ ತಿಂಗಳ ಮೂರರಂದು ನಾಮ್‌ದೆಚೊನ್ ಹೊಳೆಯ ದಂಡೆಗೆ ಮೆರವಣಿಗೆಯಲ್ಲಿ ಕರೆತರುತ್ತಾರೆ.

ಹೊಳೆಯ ದಂಡೆಯಲ್ಲಿ ಬೆಳಿಗ್ಗೆ ಗಂಡಸರು, ಉದ್ದ ನಿಲುವಂಗಿ ತೊಟ್ಟು, ಕನ್‌ಫ್ಯೂಷಿಯನ್ ಕ್ರಮದಲ್ಲಿ ಗಂಭೀರವಾಗಿ ಮಂತ್ರ ಓದುತ್ತಾರೆ. ಅದು ಮುಗಿದ ಕೂಡಲೆ ಮುದಾಂಗ್‌ಗಳು, ದೈವದ ಪಾತ್ರಿ ಹೆಂಗಸರು, ಕೈಗೆ ತೆಗೆದುಕೊಳ್ಳುತ್ತಾರೆ. ದಿನಗಟ್ಟಲೆ ಹಾಡು, ಕುಣಿತ, ತಮಾಷೆ. ಮೀನುಗಾರರಿಗೆ, ಸಿಡುಬಿಗೆ, ಹೊಲಕ್ಕೆ ಬೇರೆಬೇರೆ ವಿಧಿ. ಜಮಖಾನದ ಮೇಲೆ ಅಜ್ಜಿಯರು ಬುತ್ತಿ ಬಿಚ್ಚಿಕೊಂಡು ಕೂತಿರುತ್ತಾರೆ. ಆಡಳಿತಕಚೇರಿಯ ಜೀತದಾಳುಗಳು ಆಡುತ್ತಿದ್ದ ಮುಖವಾಡದ ಆಟವೂ ಇಲ್ಲಿಯದೇ. ಅದರಲ್ಲಿ ಮಾತೇ ಇಲ್ಲ. ಯಜಮಾನರ ಮುಂದೆ ಜೀತದವರು ಮಾತಾಡದೆಯೇ ಯಜಮಾನರನ್ನು ಅಣಕಿಸಿದರು. ಉದ್ದ ಗಡ್ಡದ ಧಣಿ ಒಬ್ಬ ಚೆಲುವೆಯನ್ನು ಓಲೈಸುತ್ತಾನೆ. ವಿಕಾರ ಮುಖದ ಇಬ್ಬರು ಜೋಡಿಯನ್ನು ಅಗಲಿಸುತ್ತಾರೆ. ಧಣಿ ಅವಳನ್ನೇ ಶಂಕಿಸುತ್ತಾನೆ. ಅವಳು ಅವನ ಗಡ್ಡವನ್ನೇ ಕೊರಳಿಗೆ ಸುತ್ತಿಕೊಂಡು ನೇಣು ಹಾಕಿಕೊಳ್ಳುತ್ತಾಳೆ. ಗಡ್ಡವೆಂದರೆ ಧಣಿಯ ದೊಡ್ಡಸ್ತಿಕೆ. ಇಷ್ಟು ಹೇಳಿದ ಮೇಲೆ ಮಾತು ಯಾಕೆ ಬೇಕು? ಕೊನೆಗೆ ದೈವದ ಮರ ಬಂದು ಅವಳನ್ನು ಬದುಕಿಸುತ್ತದೆ.

ಕವಿ, ಅಧಿಕಾರಿ ಹೊ ಗ್ಯುನ್ 1603ರಲ್ಲಿ ಈ ಹಬ್ಬವನ್ನು ಕಂಡು ಬರೆದಿಟ್ಟಿದ್ದಾನೆ. ಪಾರ್ಕ್ ಸರ್ಕಾರ 1967ರಲ್ಲಿ ಇದನ್ನು 13ನೆಯ ಅಮೂರ್ತ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. 1970ರ ದಶಕದಲ್ಲಿ ಅದೇ ಸರ್ಕಾರ ಹಳ್ಳಿಹಳ್ಳಿಯಲ್ಲಿ ‘ಮೂಢನಂಬಿಕೆ ತೊಲಗಿಸಿ’ ಎಂದು ಮುದಾಂಗ್‌ಗಳನ್ನು ಅಟ್ಟಾಡಿಸಿತು. ಗಾಂಗ್‌ನುಂಗ್‌ನಲ್ಲಿ ಕುಣಿದರೆ ಪರಂಪರೆ, ಪಕ್ಕದ ಹಳ್ಳಿಯಲ್ಲಿ ಕುಣಿದರೆ ಮೌಢ್ಯ. 2005ರಲ್ಲಿ ಯುನೆಸ್ಕೊ ಮನ್ನಣೆ ಬಂದಾಗ ಚೀನಾದಲ್ಲಿ ನಮ್ಮ ಹಬ್ಬ ಕದ್ದರೆಂದು ಗಲಾಟೆಯಾಯಿತು, ಏಕೆಂದರೆ ಐದನೆಯ ತಿಂಗಳ ಐದು ಅವರ ದೋಣಿಹಬ್ಬದ ದಿನವೂ ಹೌದು. 2009ರಲ್ಲಿ ಅದೂ ಪಟ್ಟಿಗೆ ಸೇರಿತು. ದಿನ ಒಂದೇ, ಹಬ್ಬ ಬೇರೆ. ದಕ್ಷಿಣ ಕೊರಿಯಾದಲ್ಲಿ ದಾನೊಗೆ ಇಂದಿಗೂ ಸರ್ಕಾರಿ ರಜೆ ಇಲ್ಲ. ಹಾಗಾಗಿಯೇ ಅದು ಗಾಂಗ್‌ನುಂಗ್‌ನವರದಾಗಿ ಉಳಿದಿದೆ ಎಂದರೆ ತಪ್ಪಾಗಲಾರದು.

ವರ್ಷದ ಮೊದಲ ಹುಣ್ಣಿಮೆಯ ಬೆಳಿಗ್ಗೆ ಗೆಳೆಯನನ್ನು ಹೆಸರು ಹಿಡಿದು ಕೂಗಿ, ಅವನು ಓಗೊಟ್ಟರೆ ‘ನನ್ನ ಸೆಕೆ ಕೊಂಡುಕೋ’ ಎಂದು ವರ್ಷದ ಬೇಸಿಗೆಯನ್ನೇ ಅವನ ತಲೆಗೆ ಕಟ್ಟುವ ಆಟ, ಉತ್ತರಾಯಣದ ಹಿಂದಿನ ದೀರ್ಘರಾತ್ರಿಯಂದು ಕೆಂಪು ಅಲಸಂದೆಯಂಥ ಕಾಳಿನ ಗಂಜಿಯನ್ನು ಬಾಗಿಲಿಗೆ ಎರಚಿ ಪೀಡೆ ಓಡಿಸುವುದು, ಇವುಗಳಿಗೆಲ್ಲ ಇಂದು ಹೊತ್ತಿಲ್ಲ. ಪ್ರವಾಸಿಗರ ಜಾತ್ರೆಗಳ ವಿಷಯವನ್ನೂ ಬಿಡುತ್ತೇನೆ. ಬೊರ್ಯೊಂಗ್ ಕಡಲತೀರದಲ್ಲಿ 1998ರಿಂದ ನಡೆಯುವ ಕೆಸರಿನ ಹಬ್ಬಕ್ಕೆ ಲೋಕವೇ ಬಂದು ಹೊರಳಾಡುತ್ತದೆ. ಅದು ಊರಿನ ಕೆಸರಿನಿಂದ ಮಾಡಿದ ಸೌಂದರ್ಯವರ್ಧಕಗಳ ಪ್ರಚಾರಕ್ಕೆಂದು ಹುಟ್ಟಿದ್ದು. ಮಜವಿದೆ, ತಕರಾರಿಲ್ಲ.

ಚುಸೊಕ್‌ಗೆ ಬರುತ್ತೇನೆ. ‘ಸಾಮ್‌ಗುಕ್ ಸಾಗಿ’ ಎಂಬ 12ನೆಯ ಶತಮಾನದ ಇತಿಹಾಸಗ್ರಂಥದ ಪ್ರಕಾರ ಇದರ ಬೇರು ಸಿಲ್ಲಾದ ಯುರಿ ದೊರೆಯ ಕಾಲದ ನೇಯ್ಗೆ ಪಂದ್ಯ. ರಾಜಧಾನಿಯ ಹೆಂಗಸರನ್ನು ಎರಡು ಪಂಗಡ ಮಾಡಿ, ಒಂದೊಂದಕ್ಕೂ ಒಬ್ಬ ರಾಜಕುಮಾರಿಯನ್ನು ಮುಂದಾಳು ಮಾಡಿ, ಒಂದು ತಿಂಗಳು ನೇಯಿಸಿ, ಎಂಟನೆಯ ತಿಂಗಳ ಹುಣ್ಣಿಮೆಗೆ ಅಳೆಯುತ್ತಿದ್ದರಂತೆ. ಸೋತವರು ಗೆದ್ದವರಿಗೆ ಊಟ ಹಾಕಬೇಕು. ಅಂದರೆ ದಾಖಲೆಯಲ್ಲಿ ಮೊದಲು ಕಾಣುವ ಚುಸೊಕ್ ಹೆಂಗಸರ ದುಡಿಮೆಯ ಹಬ್ಬ. ಅವರೇ ಆಡಿದರು, ಅವರೇ ಉಂಡರು, ಅವರೇ ಹಾಡಿದರು.

ಈಗಿನ ಚುಸೊಕ್ ಬೇರೆ. ಹಬ್ಬಕ್ಕೆ ಕೆಲವು ವಾರ ಮುಂಚೆ ಸಮಾಧಿಗಳ ಹುಲ್ಲು ಹೆರೆಯಬೇಕು. ಹುಲ್ಲು ಬೆಳೆದ ಸಮಾಧಿ ಕಂಡರೆ ಊರು ಮಕ್ಕಳ ಹೆಸರು ಹಿಡಿದು ಆಡಿಕೊಳ್ಳುತ್ತದೆ. 1988ರ ಹೊತ್ತಿಗೆ ಸೋಲ್ ಒಂದು ಕೋಟಿ ಜನರ ನಗರವಾಗಿತ್ತು. ಅವರಲ್ಲಿ ಬಹುಪಾಲು ಜನಕ್ಕೆ ಸಮಾಧಿಗಳು ಇನ್ನೆಲ್ಲೋ ಇದ್ದವು. 1970ರಲ್ಲಿ ತೆರೆದಾಗ 428 ಕಿಲೋಮೀಟರ್ ಉದ್ದವಿದ್ದ ಸೋಲ್–ಬುಸಾನ್ ಹೆದ್ದಾರಿ ಹಬ್ಬದ ಹಿಂದಿನ ದಿನ ವಾಹನ ನಿಲ್ಲಿಸುವ ಮೈದಾನವಾಗುತ್ತದೆ. ಕಾರಿನಲ್ಲಿ ಉಡುಗೊರೆಯ ಪೆಟ್ಟಿಗೆಗಳು, ಅದರಲ್ಲಿ ಸ್ಪ್ಯಾಮ್ ಎಂಬ ಡಬ್ಬಿಮಾಂಸ! 1950ರ ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೈನಿಕರೊಂದಿಗೆ ಬಂದು, 1987ರಿಂದ ಅಲ್ಲೇ ತಯಾರಾಗುತ್ತಿರುವ ಈ ಡಬ್ಬಿ ಅಲ್ಲಿ ಮರ್ಯಾದಸ್ಥ ಉಡುಗೊರೆ.

ಸಮಾಧಿ ಗಡಿಯಾಚೆ ಇದ್ದವರು ಏನು ಮಾಡಬೇಕು? ಯುದ್ಧದಲ್ಲಿ ಉತ್ತರದಿಂದ ಓಡಿಬಂದವರು ಸೊಲ್ಲಾಲ್, ಚುಸೊಕ್ ಬೆಳಿಗ್ಗೆ ಗಡಿ ಹತ್ತಿರದ ಇಮ್‌ಜಿನ್‌ಗಾಕ್‌ಗೆ ಹೋಗುತ್ತಾರೆ. ಅಲ್ಲಿ 1985ರಲ್ಲಿ ಕಟ್ಟಿದ ಕಲ್ಲಿನ ಪೀಠವಿದೆ, ಉತ್ತರಕ್ಕೆ ಮುಖ ಮಾಡಿ ಎಡೆ ಇಡಲು. ಸರದಿಯಲ್ಲಿ ನಿಂತು, ಮನೆಯಿಂದ ತಂದ ಸೇಬು, ಒಣಮೀನು, ಮದ್ಯ ಹರಡಿ, ಅಡ್ಡಬಿದ್ದು, ಮುಂದಿನ ಕುಟುಂಬಕ್ಕೆ ಜಾಗ ಬಿಡುತ್ತಾರೆ. ಪ್ರತ್ಯೇಕವಾದ ಕುಟುಂಬಗಳ ಭೇಟಿಯನ್ನು ಎರಡು ಸರ್ಕಾರಗಳು ಕೊನೆಯ ಸಲ ಏರ್ಪಡಿಸಿದ್ದು 2018ರ ಆಗಸ್ಟ್‌ನಲ್ಲಿ.

ಇನ್ನು ಅಡುಗೆಮನೆ. ಚುಸೊಕ್‌ನ ತಿನಿಸು ಸೊಂಗ್‌ಪ್ಯೊನ್. ಬಿಸಿನೀರಿನಲ್ಲಿ ನಾದಿದ ಅಕ್ಕಿಹಿಟ್ಟಿನಲ್ಲಿ ಎಳ್ಳುಬೆಲ್ಲದಂಥ ಹೂರಣವನ್ನೋ ಕಾಳನ್ನೋ ತುಂಬಿ, ಅರ್ಧಚಂದ್ರನ ಹಾಗೆ ಮಡಿಸಿ, ಹಬೆಪಾತ್ರೆಯಲ್ಲಿ ಪೈನ್ ಮರದ ಸೂಜಿಯೆಲೆ ಹಾಸಿ ಬೇಯಿಸುತ್ತಾರೆ. ತೆಗೆದಾಗ ಕಡುಬಿನ ಮೈಮೇಲೆ ಎಲೆಯ ಗೆರೆಗಳು ಮೂಡಿರುತ್ತವೆ. ಚೆಂದಗೆ ಮಡಿಸಿದವಳಿಗೆ ಚೆಂದದ ಮಗಳು ಹುಟ್ಟುತ್ತಾಳೆ ಎನ್ನುತ್ತಾರೆ. ಇಷ್ಟು ಚಿತ್ರಕ್ಕೆ ಚೆನ್ನ. ಚಿತ್ರದಲ್ಲಿ ಬಾರದ್ದು ಜೊನ್. ಮೀನು, ಕುಂಬಳ, ಮಾಂಸದ ತುಂಡುಗಳನ್ನು ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ ಕರಿಯುವುದು. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ವಿದ್ಯುತ್ ಕಾವಲಿ ಇಟ್ಟುಕೊಂಡು, ಸೊಸೆಯಂದಿರು ದಿನವಿಡೀ ಕೂತು ಇದನ್ನು ಕರಿಯುತ್ತಾರೆ. ಮರುದಿನ ಆ ಎಡೆಯ ಮುಂದೆ ಅಡ್ಡಬೀಳುವವರು ಗಂಡಸರು. ಸೊಸೆ ಕರಿದದ್ದು ಗಂಡನ ಮನೆಯ ಹಿರಿಯರಿಗೆ, ತನ್ನ ಹೆತ್ತವರಿಗಲ್ಲ. ತವರಿಗೆ ಹೋಗುವುದು ಪಾತ್ರೆ ತೊಳೆದ ಮೇಲೆ, ಹೊತ್ತಿದ್ದರೆ. ಈ ಬೆನ್ನುನೋವು, ಸಿಟ್ಟು, ಗಂಡಹೆಂಡಿರ ಜಗಳಕ್ಕೆ ‘ಹಬ್ಬದ ಬೇನೆ’ ಎಂದೇ ಪತ್ರಿಕೆಗಳು ಹೆಸರಿಟ್ಟಿವೆ.

ಇದು ಅನಾದಿಕಾಲದ ಸಂಪ್ರದಾಯವೆಂದು ವಾದಿಸುವವರಿದ್ದಾರೆ. ಅನಾದಿಯೇನಲ್ಲ. ಗಾಂಗ್‌ನುಂಗ್‌ನಲ್ಲಿ ಹುಟ್ಟಿದ ಕನ್‌ಫ್ಯೂಷಿಯನ್ ಪಂಡಿತ ಯಿ ಇ, ಯುಲ್‌ಗೊಕ್ ಎಂದೇ ಪ್ರಸಿದ್ಧ, ಇಂದಿನ 5,000 ವಾನ್ ನೋಟಿನ ಮೇಲಿದ್ದಾನೆ. 50,000ದ ನೋಟಿನ ಮೇಲೆ ಅವನ ತಾಯಿ ಶಿನ್ ಸಾಯಿಮ್‌ದಾಂಗ್. ಈ ಮನೆಯ ಏಳು ಮಕ್ಕಳು 1566ರಲ್ಲಿ ಆಸ್ತಿ ಹಂಚಿಕೊಂಡ ಪತ್ರ ಉಳಿದಿದೆ. ಗಂಡು ಹೆಣ್ಣೆನ್ನದೆ ಪಾಲು ಸಮ. ಹಿರಿಯರ ಪೂಜೆಗೂ ಬೇರೆ ಪಾಲು ತೆಗೆದಿಟ್ಟಿದ್ದಾರೆ. ಆ ಕಾಲದಲ್ಲಿ ಎಡೆ ಇಡುವ ಸರದಿ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಬರುತ್ತಿತ್ತು. ಅದೆಲ್ಲ ಹಿರಿಮಗನೊಬ್ಬನ ಪಾಲಾದದ್ದು 17ನೆಯ ಶತಮಾನದಿಂದೀಚೆಗೆ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಹೋಯಿತು, ಪೂಜೆಯಲ್ಲಿ ಪಾಲು ಹೋಯಿತು, ಅಡುಗೆಯ ಪಾಲು ಮಾತ್ರ ಉಳಿದು ಬೆಳೆಯಿತು.

2022ರ ಸೆಪ್ಟೆಂಬರಿನಲ್ಲಿ, ಚುಸೊಕ್‌ಗೆ ಕೆಲವೇ ದಿನ ಮೊದಲು, ಕನ್‌ಫ್ಯೂಷಿಯನ್ ಪರಂಪರೆಯ ಪೀಠವಾದ ಸಂಗ್‌ಗ್ಯುನ್‌ಗ್ವಾನ್ ಪತ್ರಿಕಾಗೋಷ್ಠಿ ಕರೆದು ಸರಳ ಎಡೆಯ ಮಾದರಿ ಪ್ರಕಟಿಸಿತು. ಒಟ್ಟು ಒಂಬತ್ತು ಪದಾರ್ಥ: ಸೊಂಗ್‌ಪ್ಯೊನ್, ಸೊಪ್ಪು, ಸುಟ್ಟ ಮಾಂಸ, ಕಿಮ್‌ಚಿ, ನಾಲ್ಕು ಹಣ್ಣು, ಮದ್ಯ. ಕರಿದ ತಿಂಡಿ ಬೇಕಿಲ್ಲ. ಎಣ್ಣೆಯ ಪದಾರ್ಥ ಇಡುವುದು ವಿಧಿಯಲ್ಲವೆಂದು 17ನೆಯ ಶತಮಾನದ ಆಚಾರ್ಯ ಕಿಮ್ ಜಾಂಗ್-ಸೆಂಗ್‌ರ ಬರಹವನ್ನೇ ಆಧಾರ ಕೊಟ್ಟರು. ಕೆಂಪು ಪೂರ್ವ, ಬಿಳಿ ಪಶ್ಚಿಮ ಎಂಬುದು ಯಾವ ಶಾಸ್ತ್ರದಲ್ಲೂ ಇಲ್ಲವೆಂದರು. ಇಷ್ಟು ತಲೆಮಾರು ಕರಿದವರ ಕಷ್ಟಕ್ಕೆ ವಿಷಾದವನ್ನೂ ಸೂಚಿಸಿದರು. ಒಳ್ಳೆಯ ಮಾತು, ತಡವಾದ ಮಾತು. ಶಾಸ್ತ್ರ ಅವರ ಕಪಾಟಿನಲ್ಲೇ ಇತ್ತು. ಸೊಸೆಯಂದಿರು ಹಬ್ಬಕ್ಕೆ ಬರುವುದನ್ನೇ ಬಿಟ್ಟು, ಹಬ್ಬದ ರಜೆಗೆ ವಿಮಾನ ನಿಲ್ದಾಣಗಳು ತುಂಬತೊಡಗಿದ ಮೇಲೆ ಅದನ್ನು ತೆರೆದು ಓದಿದರು ಎಂಬುದು ನನ್ನ ಗುಮಾನಿ.

ಸಮಾಧಿಗಳೂ ಕಡಿಮೆಯಾಗುತ್ತಿವೆ. 1990ರ ದಶಕದ ಆರಂಭದಲ್ಲಿ ಸತ್ತ ಹತ್ತು ಮಂದಿಯಲ್ಲಿ ಇಬ್ಬರನ್ನೂ ಸುಡುತ್ತಿರಲಿಲ್ಲ; ಈಗ ಹತ್ತರಲ್ಲಿ ಒಂಬತ್ತು ಮಂದಿಯನ್ನು ಸುಡುತ್ತಾರೆ. ಇರುವ ಸಮಾಧಿಯ ಹುಲ್ಲು ಹೆರೆಯಲು ಗುತ್ತಿಗೆದಾರರಿದ್ದಾರೆ, ಕೆಲಸ ಮುಗಿಸಿ ಫೋಟೊ ಕಳಿಸುತ್ತಾರೆ. ಪೂರ್ತಿ ಎಡೆಯನ್ನೇ ಅಡುಗೆಯವರಿಂದ ತರಿಸಬಹುದು.

ಇದೆಲ್ಲದರ ನಡುವೆ ಒಂದು ಮೊಕದ್ದಮೆ. 2017ರಲ್ಲಿ ಒಬ್ಬ ಗಂಡಸು ತೀರಿಕೊಂಡ. ಹೆಂಡತಿಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಇನ್ನೊಬ್ಬಳಲ್ಲಿ ಒಬ್ಬ ಮಗ, ಆಗಿನ್ನೂ ಹುಡುಗ. ಆ ಇನ್ನೊಬ್ಬಳು ಅವನನ್ನು ದಹನ ಮಾಡಿಸಿ ಅಸ್ಥಿಯನ್ನು ಸ್ಮಾರಕ ಉದ್ಯಾನದಲ್ಲಿ ಇರಿಸಿದಳು. ಅಸ್ಥಿ ನಮಗೆ ಕೊಡಿ ಎಂದು ಹೆಂಡತಿ, ಹೆಣ್ಣುಮಕ್ಕಳು ಕೋರ್ಟಿಗೆ ಹೋದರು. ಕೆಳಗಿನ ಎರಡು ಕೋರ್ಟುಗಳು 2008ರ ಸುಪ್ರೀಂ ಕೋರ್ಟ್ ತೀರ್ಪನ್ನು ಹಿಡಿದವು: ಮನೆಯವರಲ್ಲಿ ಒಮ್ಮತವಿಲ್ಲದಿದ್ದರೆ ಹಿರಿಯರ ಪೂಜೆಯ ಯಜಮಾನ ಹಿರಿಮಗ, ಮದುವೆಯಾಚೆ ಹುಟ್ಟಿದವನಾದರೂ ಸರಿ. 2023ರ ಮೇ 11ರಂದು ಸುಪ್ರೀಂ ಕೋರ್ಟಿನ ಪೂರ್ಣಪೀಠ ಆ ಹಳೆಯ ತೀರ್ಪನ್ನು ತೆಗೆದುಹಾಕಿತು. ಒಮ್ಮತವಿಲ್ಲದಾಗ, ಗಂಡಾಗಲಿ ಹೆಣ್ಣಾಗಲಿ, ನೇರ ಸಂತಾನದಲ್ಲಿ ವಯಸ್ಸಿನಲ್ಲಿ ಹಿರಿಯರಾದವರೇ ಪೂಜೆಯ ಯಜಮಾನರು ಎಂದಿತು. 1566ರ ಆ ಏಳು ಮಕ್ಕಳಿಗೆ ಈ ತೀರ್ಪಿನಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಪ್ರಕರಣ ಮತ್ತೆ ಹೈಕೋರ್ಟಿಗೆ ಹೋಯಿತು. ಹಿರಿಮಗಳು ಯಜಮಾನಳಾದ ಮನೆಯಲ್ಲಿ ಹಬ್ಬದ ಹಿಂದಿನ ದಿನ ಕಾವಲಿಯ ಮುಂದೆ ಕೂರುವವರು ಯಾರು, ಅಳಿಯನೋ, ಅಣ್ಣತಮ್ಮಂದಿರೋ, ಅಥವಾ ಯಾರೂ ಇಲ್ಲವೋ ಎಂಬುದನ್ನು ಮಾತ್ರ ಆಯಾ ಮನೆಯವರೇ ಗೊತ್ತುಮಾಡಿಕೊಳ್ಳಬೇಕು. ಕೆಲವರು ಗೊತ್ತುಮಾಡಿಕೊಂಡಾಗಿದೆ: ಅವರು ಒಂಬತ್ತು ಪದಾರ್ಥವನ್ನೂ ಬಿಟ್ಟು, ಅಜ್ಜನಿಗೆ ಇಷ್ಟವಾಗಿದ್ದ ಕಾಫಿಯನ್ನೋ ಪಿಜ್ಜಾವನ್ನೋ ಎಡೆಗೆ ಇಡುತ್ತಾರೆ.